ಖಾಲಿ ಕಟ್ಟಡದ 31 ಕಿಲೋವ್ಯಾಟ್

ಸರ್ಕಾರಿ ಕಚೇರಿ ಸಂಕೀರ್ಣಕ್ಕೆ ಎನರ್ಜಿ ಮ್ಯಾನೇಜರ್ ಆಗಿ ಬಂದು ಇದು ನಾಲ್ಕನೇ ತಿಂಗಳು. ಮೊದಲೆರಡು ತಿಂಗಳು ಹಳೇ ಬಿಲ್ಲು ಹುಡುಕೋದರಲ್ಲೇ ಹೋಯಿತು. ಅದನ್ನು ಬಿಟ್ಟುಬಿಡೋಣ.

ಮೂರನೇ ತಿಂಗಳು ಪವರ್ ಫ್ಯಾಕ್ಟರ್ ಹಿಡಿದೆ. ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತದೆ ಅನ್ನುವ ಅಳತೆ ಅದು, 1 ಇದ್ದರೆ ಪೂರ್ತಿ. ಬಿಲ್ಲಲ್ಲಿ 0.84 ಇತ್ತು. 0.90ಕ್ಕಿಂತ ಇಳಿದರೆ ದಂಡ ಬೀಳುತ್ತದೆ, ತಿಂಗಳಾ ತಿಂಗಳಾ ಕಟ್ಟುತ್ತಲೇ ಇದ್ದರು. ಅದನ್ನು ಮೇಲೆತ್ತಬೇಕಾದ ಕೆಪಾಸಿಟರ್ ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ಹಲ್ಲಿ ಮೊಟ್ಟೆ. ಎರಡು ಫ್ಯೂಸ್ ಹೋಗಿತ್ತು, ಕೆಪಾಸಿಟರ್ ಆನ್-ಆಫ್ ಮಾಡುವ ಒಂದು ಕಾಂಟಾಕ್ಟರ್ ಸುಟ್ಟಿತ್ತು. ಬದಲಾಯಿಸಿದ ಮೇಲೆ 0.96. ಇಷ್ಟು ಸುಲಭದ ಕೆಲಸ ಇನ್ನು ಸಿಗಲ್ಲ ಅಂತ ಆವತ್ತೇ ಅನ್ನಿಸಿತ್ತು.

ಈ ತಿಂಗಳು ರಾತ್ರಿ ಲೋಡು, ಅಂದರೆ ಕಚೇರಿ ಮುಚ್ಚಿದ ಮೇಲೂ ಎಳೆಯುತ್ತಲೇ ಇರುವ ಕರೆಂಟು. ಶನಿವಾರ ರಾತ್ರಿ 11ಕ್ಕೆ ಇಡೀ ಕಟ್ಟಡದ ಎಚ್‌ಟಿ (ಹೈ ಟೆನ್ಷನ್) ಮೀಟರ್ ನೋಡಿ ಬರೆದುಕೊಂಡೆ, ಭಾನುವಾರ ಬೆಳಗ್ಗೆ 5ಕ್ಕೆ ಮತ್ತೆ ನೋಡಿದೆ. ವ್ಯತ್ಯಾಸ 3.1. ನಮ್ಮ ಮೀಟರಿನ ಗುಣಕ 60, ಮೀಟರ್ ತೋರಿಸಿದ್ದನ್ನು ಅದರಿಂದ ಗುಣಿಸಿದರೆ ಯೂನಿಟ್. ಅಂದರೆ ಆರು ಗಂಟೆಗೆ 186 ಯೂನಿಟ್, ಗಂಟೆಗೆ 31, ಅಂದರೆ ಸರಾಸರಿ 31 ಕಿಲೋವ್ಯಾಟ್! ವಾಚ್‌ಮನ್ ಬಿಟ್ಟರೆ ನರಪಿಳ್ಳೆಯಿಲ್ಲದ ಕಟ್ಟಡ, ಅಲ್ವಾ?

ವೈರಿಗೆ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ನಮ್ಮ ಎಲೆಕ್ಟ್ರಿಷಿಯನ್ ಜೊತೆ ಸುತ್ತಿದೆ. ಸರ್ವರ್ ರೂಮಿನ ನಾಲ್ಕು ಎಸಿ ಸುಮಾರು 8 ಕಿಲೋವ್ಯಾಟ್. ಅದು ಬೇಕೇ ಬೇಕು. ಕಾರಿಡಾರಿನ 140 ಟ್ಯೂಬ್‌ಲೈಟು ಸೇರಿ 7. ಟ್ಯೂಬ್ ಮೇಲೆ 36 ವ್ಯಾಟ್ ಅಂತ ಬರೆದಿದ್ದರೂ ಹಳೇ ಚೋಕ್ ಸೇರಿದರೆ 50ರ ಹತ್ತಿರ ಹೋಗುತ್ತದೆ.

ಮೂರನೆಯದು ಬೋರ್‌ವೆಲ್ ಪಂಪು, ಏಳೂವರೆ ಎಚ್‌ಪಿ, ಎಳೆಯುವುದು ಸುಮಾರು ಆರೂವರೆ ಕಿಲೋವ್ಯಾಟ್. ಈ ಹೊತ್ತಲ್ಲಿ ಯಾಕೆ ಓಡುತ್ತಿದೆ ಅಂತ ತಾರಸಿ ಹತ್ತಿದೆ. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸಬೇಕಾದ ಫ್ಲೋಟ್ ಸ್ವಿಚ್ಚು ಪಾಚಿ ಹಿಡಿದು ಅಂಟಿಕೊಂಡಿದೆ. ಟ್ಯಾಂಕು ತುಂಬಿದ್ದು ಪಂಪಿಗೆ ಗೊತ್ತೇ ಆಗಿಲ್ಲ. ಓವರ್‌ಫ್ಲೋ ಪೈಪು ಎಲ್ಲಿಗಿಳಿಯುತ್ತದೆ ಅಂತ ಹಿಂದಕ್ಕೆ ಹೋಗಿ ನೋಡಿದರೆ, ಆ ಬಿರುಬೇಸಿಗೆಯಲ್ಲೂ ಕೆಸುವಿನ ಎಲೆ ಕೊಡೆಯಷ್ಟು ಅಗಲ ಬೆಳೆದಿದೆ. "ಪತ್ರೊಡೆಗೆ ಬೇಕಾದ್ರೆ ಕುಯ್ಕೊಂಡ್ಹೋಗಿ ಸಾರ್, ವರ್ಷವಿಡೀ ಇರುತ್ತೆ" ಅಂದರು ವಾಚ್‌ಮನ್. ನಾಲ್ಕು ತಿಂಗಳಿಂದ ದಿನಾ ಅದರ ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತಿದ್ದೇನೆ ನಾನು.

ಒಂದು ಫ್ಲೋಟ್ ಸ್ವಿಚ್ಚಿಗೆ ಮೂರು ಕೊಟೇಶನ್ ಬೇಕಂತೆ. ಫೈಲು ಮೂರು ಟೇಬಲ್ ದಾಟಿ ನಾಲ್ಕನೆಯದರಲ್ಲಿ ಕೂತಿದೆ. ಅಲ್ಲಿಯವರೆಗೆ ವಾಚ್‌ಮನ್ನೇ ಫ್ಲೋಟು: ಬೆಳಗ್ಗೆ ಹಾಕುತ್ತಾರೆ, ಟ್ಯಾಂಕ್ ತುಂಬಿದಾಗ ಆಫ್ ಮಾಡುತ್ತಾರೆ. ಕಾರಿಡಾರಲ್ಲಿ ರಾತ್ರಿ ಒಂದು ಬಿಟ್ಟು ಒಂದು ಟ್ಯೂಬು ಮಾತ್ರ. ಕಳೆದ ಶನಿವಾರ ಮತ್ತೆ ಮೀಟರ್ ನೋಡಿದೆ. ಅದೇ ಆರು ಗಂಟೆಗಳಲ್ಲಿ ವ್ಯತ್ಯಾಸ 2.1, ಅಂದರೆ 21 ಕಿಲೋವ್ಯಾಟ್. ಕೆಸುವಿನ ಎಲೆ ಮಾತ್ರ ಬಾಡಿದೆ, ವಾಚ್‌ಮನ್‌ಗೆ ಸ್ವಲ್ಪ ಬೇಜಾರು.

ಇನ್ನೂ ಒಂಬತ್ತೂವರೆ ಕಿಲೋವ್ಯಾಟಿಗೆ ಲೆಕ್ಕ ಸಿಕ್ಕಿಲ್ಲ. ಯುಪಿಎಸ್‌ಗಳೇ ತಿನ್ನುತ್ತಿವೆ ಅನ್ನುವುದು ಎಲೆಕ್ಟ್ರಿಷಿಯನ್ ವಾದ. ಆಫ್ ಮಾಡದೆ ಬಿಟ್ಟುಹೋದ ಕಂಪ್ಯೂಟರ್, ವಾಟರ್ ಕೂಲರ್ ಮೇಲೆ ನನ್ನ ಅನುಮಾನ. ಬರುವ ಭಾನುವಾರ ಒಂದೊಂದೇ ಮಹಡಿಯ ಬ್ರೇಕರ್ ಇಳಿಸಿ ನೋಡಬೇಕು. ಅನುಮತಿ ಪತ್ರ ಸಿಕ್ಕಿದೆ. ಎರಡನೇ ಮಹಡಿಯ ಪ್ಯಾನೆಲ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು ಇನ್ನೂ ಗೊತ್ತಾಗಿಲ್ಲ.