ಕೈಲ್ ಪೊಳ್ದ್‌ಗೆ ಹತ್ತು ದಿನ: ಕೋವಿ ಸಿದ್ಧ, ಕಿವಿ?

ಆಗಸ್ಟ್ 24, 2025, ಭಾನುವಾರ
ವಿರಾಜಪೇಟೆ

ಬೆಳಗಿನಿಂದ ಬಿಟ್ಟೂ ಬಿಡದ ಮಳೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಉಳಿದಿರುವುದು ಹತ್ತೇ ದಿನ. ಕೋವಿ ಬಿಚ್ಚಿ ಒರೆಸುವುದು, ನಳಿಗೆಗೆ ಎಣ್ಣೆ, ಪೂಜೆಯ ದಿನಕ್ಕೆ ಕೋವಿಗೆ ಮುಡಿಸುವ ತೋಕ್‌ಪೂ ಹೂವು, ಇವು ಯಾರೂ ನೆನಪಿಸದೆ ಆಗುವ ಕೆಲಸ. ಕಿವಿಯ ನೆನಪು ಬರುವುದು ಮಾತ್ರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಮೈದಾನದಲ್ಲಿ, ಮೊದಲ ಗುಂಡು ಹಾರಿದ ಮೇಲೆ. ಆಗ ಕೈಗೆ ಸಿಗುವುದು ಹತ್ತಿ. ಹತ್ತಿ ಕಿವಿಯಲ್ಲಿ ಇದೆ ಅನ್ನಿಸುತ್ತದೆ, ಅಷ್ಟೇ. ಅದರ ಎಳೆಗಳ ನಡುವೆ ಗಾಳಿ ಸರಾಗವಾಗಿ ಓಡಾಡುತ್ತದೆ, ಗಾಳಿ ಹೋದಲ್ಲೆಲ್ಲ ಸದ್ದೂ ಹೋಗುತ್ತದೆ. ಹಾಡು ಕೇಳುವ ಇಯರ್‌ಬಡ್‌ನದೂ ಅದೇ ಕತೆ. ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಬರೆದಿದ್ದರೂ ಅದು ವಿಮಾನದ ಗುಂಯ್‌ಗುಡುವಿಕೆಗೆ ಮಾಡಿದ್ದು, ಗುಂಡಿನ ಸದ್ದಿಗಲ್ಲ.

ಮೊದಲು ಸದ್ದಿನ ಲೆಕ್ಕ. ಪಾಯಿಂಟ್ 22 ರೈಫಲ್ ಹೊಡೆಯುವವರ ಕಿವಿಯ ಹತ್ತಿರ ಸುಮಾರು 140 ಡೆಸಿಬಲ್‌ನ ತುದಿ ಮುಟ್ಟುತ್ತದೆ. ಉದ್ದ ನಳಿಗೆಯಿದ್ದರೆ ಕೊಂಚ ಕಡಿಮೆ. ಹನ್ನೆರಡು ಬೋರ್ ಕೋವಿ (ಶಾಟ್‌ಗನ್) 150ರಿಂದ 165ರ ನಡುವೆ. ದೊಡ್ಡ ತೋಟಾದ ರೈಫಲ್ 160 ದಾಟುವುದು ಸಾಮಾನ್ಯ. ಕ್ಷಣಮಾತ್ರದ ಸದ್ದಿಗೆ ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 140 ಮತ್ತು 155ರ ನಡುವೆ ಹದಿನೈದರ ಅಂತರ ಅಷ್ಟೇ ತಾನೆ ಎನ್ನಬೇಡಿ. ಡೆಸಿಬಲ್ ಏಣಿಯಲ್ಲಿ 3 ಮೆಟ್ಟಿಲು ಹತ್ತಿದರೆ ಶಕ್ತಿ ಇಮ್ಮಡಿ, 15 ಹತ್ತಿದರೆ ಮೂವತ್ತು ಪಟ್ಟು. ‘ಒಂದೇ ಗುಂಡು ತಾನೆ’ ಎಂಬ ಮಾತು ಹನ್ನೆರಡು ಬೋರಿಗೆ ಸಲ್ಲದಿರುವುದು ಇದಕ್ಕೇ. ಸಾವಿನ ಮನೆಯ ಅಂಗಳದಲ್ಲಿ ಹಾರಿಸುವ ಎರಡು ಗುಂಡಿಗೂ ಇದೇ ಲೆಕ್ಕ, ಅಲ್ಲಂತೂ ಗೋಡೆಗಳು ಸದ್ದನ್ನು ಮರಳಿ ಕಿವಿಗೇ ತಂದು ಹಾಕುತ್ತವೆ.

ಬಲಗೈಯವರಿಗೆ ಒಂದು ಮಾತು: ಕೋವಿಯನ್ನು ಬಲ ಹೆಗಲಿಗೆ ಒತ್ತಿ ಕೆನ್ನೆ ಇಟ್ಟಾಗ ನಳಿಗೆಯ ಬಾಯಿಗೆ ಹತ್ತಿರವಾಗುವುದು ಎಡಗಿವಿ. ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ವರ್ಷಗಟ್ಟಲೆ ಹೊಡೆದವರ ಶ್ರವಣ ಪರೀಕ್ಷೆಯಲ್ಲಿ ಎಡಗಿವಿ ಹೆಚ್ಚು ಸೋತಿರುವುದು ಅದರಿಂದಲೇ. ಎಡಗೈಯವರಿಗೆ ಇದು ತಿರುಗುಮುರುಗು. ಕಿವಿಯೊಳಗೆ ಹಾಕುವ ಪ್ಲಗ್ ಒಂದು ಕಡೆ ಸರಿಯಾಗಿ ಕೂತಿಲ್ಲ, ಪರವಾಗಿಲ್ಲ ಎಂದು ಬಿಡುವ ಮೊದಲು ಅದು ಯಾವ ಕಿವಿ ಎಂದಾದರೂ ನೋಡಿ.

ಅಂಗಡಿಗೆ ಹೋದರೆ ಪೆಟ್ಟಿಗೆಯ ಮೇಲೆ, ಸದ್ದನ್ನು ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಎಂದು ಹೇಳುವ ಎರಡು ಬಗೆಯ ಅಂಕಿ ಕಾಣುತ್ತವೆ. ಎನ್‌ಆರ್‌ಆರ್ ಅಮೆರಿಕದ್ದು, ಎಸ್‌ಎನ್‌ಆರ್ ಯುರೋಪಿನದು. ಒಂದೇ ಮಾಲಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಕೆಲವು ಡೆಸಿಬಲ್ ಹೆಚ್ಚೇ ತೋರಿಸುತ್ತದೆ, ಹಾಗಾಗಿ ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಪಕ್ಕ ಇಟ್ಟು ತೂಗಬಾರದು. ಎರಡೂ ಪ್ರಯೋಗಾಲಯದಲ್ಲಿ, ಸಣ್ಣ ಸದ್ದಿನಲ್ಲಿ, ಸಮಾಧಾನವಾಗಿ ಕೂತವರ ಕಿವಿಯಲ್ಲಿ ಅಳೆದವು. ಮೈದಾನದಲ್ಲಿ ಅಷ್ಟು ಸಿಗುವುದಿಲ್ಲ. ದುಡಿಯುವವರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ 1998ರಲ್ಲಿ ಇದಕ್ಕೆ ಒಂದು ಒರಟು ಕಡಿತ ಹೇಳಿತ್ತು: ಮಫ್ (ತಲೆಪಟ್ಟಿಗೆ ಜೋಡಿಸಿದ, ಕಿವಿಯನ್ನು ಹೊರಗಿನಿಂದ ಮುಚ್ಚುವ ಮೆತ್ತೆಯ ಬಟ್ಟಲು) ಆದರೆ ಎನ್‌ಆರ್‌ಆರ್‌ನ ಕಾಲು ಭಾಗ ಕಳೆಯಿರಿ, ಉರುಟಿಸಿ ಹಾಕುವ ಸ್ಪಂಜಿನ ಪ್ಲಗ್ ಆದರೆ ಅರ್ಧ, ಉಳಿದ ಪ್ಲಗ್‌ಗಳಿಗೆ ನೂರಕ್ಕೆ ಎಪ್ಪತ್ತು.

ಈ ಕಡಿತ ಹಿಡಿದು ನೋಡೋಣ. 29 ಎಂದು ಬರೆದ ಸ್ಪಂಜಿನ ಪ್ಲಗ್ ಹದಿನಾಲ್ಕೂವರೆಗೆ ಇಳಿಯುತ್ತದೆ. 22 ಎಂದಿರುವ ಎಲೆಕ್ಟ್ರಾನಿಕ್ ಮಫ್ ಹದಿನಾರೂವರೆಗೆ. 155 ಡೆಸಿಬಲ್‌ನ ಹನ್ನೆರಡು ಬೋರ್ ಎದುರು ಇವೆರಡರಲ್ಲಿ ಯಾವುದೊಂದನ್ನು ಹಾಕಿದರೂ ಕಿವಿಗೆ ತಲುಪುವುದು 140ರ ಆಸುಪಾಸು, ಅಂದರೆ ಮಿತಿಯ ಹೊಸ್ತಿಲಲ್ಲೇ. ಎರಡನ್ನೂ ಒಟ್ಟಿಗೆ ಹಾಕಿದರೆ ಕೂಡಿಸಿ ಮೂವತ್ತೊಂದು ಬರುವುದಿಲ್ಲ. ಹೆಚ್ಚಿನದಕ್ಕೆ 5 ಸೇರಿಸುವುದು ರೂಢಿ. ಅದಕ್ಕಿಂತ ಹೆಚ್ಚು ಸಿಗದಿರುವುದಕ್ಕೆ ಕಾರಣ, ಕಿವಿ ಎಷ್ಟೇ ಮುಚ್ಚಿದರೂ ತಲೆಬುರುಡೆಯ ಮೂಳೆಯ ಮೂಲಕ ಸದ್ದು ಒಳಗೆ ಹೋಗುತ್ತದೆ. ಆದರೂ ಆ ಐದು ನಮ್ಮನ್ನು 140ರಿಂದ ಕೆಳಗೆ ಇಳಿಸುವ ಐದು. ಆದ್ದರಿಂದ ಹನ್ನೆರಡು ಬೋರ್, ದೊಡ್ಡ ರೈಫಲ್, ತಗಡಿನ ಮಾಡಿನ ಕೆಳಗಿನ ಅಥವಾ ಒಳಾಂಗಣದ ಶೂಟಿಂಗ್, ಇವಕ್ಕೆ ಪ್ಲಗ್ ಮೇಲೆ ಮಫ್. ಬಯಲಿನಲ್ಲಿ ಪಾಯಿಂಟ್ 22ಗೆ ಚೆನ್ನಾಗಿ ಕೂತ ಯಾವುದಾದರೊಂದು ಸಾಕು. ಸ್ಪರ್ಧೆಯ .22 ತೋಟಾ ಶಬ್ದದ ವೇಗಕ್ಕಿಂತ ನಿಧಾನ ಹಾರುವುದರಿಂದ ಗುಂಡು ಗಾಳಿಯನ್ನು ಸೀಳುವ ಚಟ್ ಸದ್ದೂ ಅದರಲ್ಲಿಲ್ಲ. ಹತ್ತು ಮೀಟರ್‌ನ ಏರ್ ರೈಫಲ್‌ಗೆ ಪ್ಲಗ್ ಹಾಕುವವರು ಏಕಾಗ್ರತೆಗಾಗಿ ಹಾಕುತ್ತಾರೆ, ಕಿವಿಗಾಗಿ ಅಲ್ಲ.

ಅಂಕಿಗಳ ಮಾತು ಇಲ್ಲಿಗೆ ಸಾಕು. 33ರ ಪ್ಲಗ್ ಅರ್ಧ ಹೊರಗೆ ಇಣುಕುತ್ತಿದ್ದರೆ ಪೂರ್ತಿ ಕೂತ 25ರ ಪ್ಲಗ್‌ಗೆ ಸಮವಲ್ಲ. ಕೊಳ್ಳುವಾಗ ನೋಡಬೇಕಾದ್ದು ಎಲ್ಲಿ ಸಂದು ಬೀಳುತ್ತದೆ ಎಂಬುದನ್ನು.

ಸ್ಪಂಜಿನ ಪ್ಲಗ್ ಅಗ್ಗ, ಜೋಡಿಗೆ ಒಂದು ತೋಟಾದಷ್ಟೂ ಬೆಲೆಯಿಲ್ಲ. ಆದರೆ ಹಾಕುವ ಕೈಗೆ ಅಭ್ಯಾಸ ಬೇಕು. ಕೈ ತೊಳೆದು ಒರೆಸಿಕೊಳ್ಳಿ. ಕೋವಿ ಎಣ್ಣೆಯ ಬೆರಳು ಸ್ಪಂಜನ್ನೂ ಕಿವಿಯನ್ನೂ ಹಾಳು ಮಾಡುತ್ತದೆ. ಪ್ಲಗ್ ಅನ್ನು ಬೆರಳುಗಳ ನಡುವೆ ಬತ್ತಿ ಹೊಸೆದ ಹಾಗೆ ಉರುಟಿಸಿ, ಸುಕ್ಕಿಲ್ಲದೆ, ಆದಷ್ಟು ಸಣ್ಣಗೆ. ಸುಕ್ಕು ಉಳಿದರೆ ಒಳಗೆ ಅರಳಿದ ಮೇಲೂ ಆ ಗೆರೆ ಕಾಲುವೆಯಾಗಿ ಉಳಿಯುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ಸೊಟ್ಟ, ಹೀಗೆ ಎಳೆದಾಗ ನೆಟ್ಟಗಾಗುತ್ತದೆ. ಒಳಗೆ ತಳ್ಳಿ, ಬೆರಳ ತುದಿಯಿಂದ ಮೂವತ್ತು ಎಣಿಸುವವರೆಗೆ ಅದುಮಿ ಹಿಡಿಯಿರಿ. ಬಹಳ ಮಂದಿ ತಪ್ಪುವುದು ಈ ಮೂವತ್ತರಲ್ಲಿ. ಐದು ಎಣಿಸಿ ಕೈ ಬಿಟ್ಟರೆ ಸ್ಪಂಜು ಅರಳುತ್ತಾ ತನ್ನನ್ನು ತಾನೇ ಹೊರಗೆ ತಳ್ಳಿಕೊಳ್ಳುತ್ತದೆ. ಬೆಳಗಿನ ಚಳಿಗೆ ಸ್ಪಂಜು ಇನ್ನೂ ನಿಧಾನ ಅರಳುತ್ತದೆ, ಆಗ ಒಂದು ನಿಮಿಷವೇ ಬೇಕು.

ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಜನ ಮಾತಾಡುತ್ತಿರುವ ಕಡೆ ನಿಂತು ಎರಡೂ ಅಂಗೈಯಿಂದ ಕಿವಿ ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಪ್ಲಗ್ ಕೂತಿದೆ. ಕೈ ಮುಚ್ಚಿದಾಗ ಸದ್ದು ತಟ್ಟನೆ ಇಳಿದರೆ ತೆಗೆದು ಮತ್ತೆ ಹಾಕಿ. ನಿಮ್ಮ ದನಿ ನಿಮಗೇ ಕೊಡದೊಳಗಿನಿಂದ ಬಂದ ಹಾಗೆ ಕೇಳಬೇಕು, ಎರಡೂ ಕಡೆ ಸಮವಾಗಿ. ಎದುರು ನಿಂತವರಿಗೆ ಪ್ಲಗ್‌ನ ಬಣ್ಣ ಕಿವಿಯಿಂದಾಚೆ ಚಾಚಿ ಕಾಣುತ್ತಿದ್ದರೆ ಆಳ ಸಾಲದು. ಊಟಕ್ಕೆ ಕೂತು ಎದ್ದ ಮೇಲೆ ಇನ್ನೊಮ್ಮೆ ನೋಡಿ, ದವಡೆ ಆಡಿದಾಗ ಪ್ಲಗ್ ಸಡಿಲವಾಗುತ್ತದೆ.

ಹಳದಿ, ಕಿತ್ತಳೆ ಬಣ್ಣದ ರಬ್ಬರ್ ಕೊಡೆಯಂಥ ಪ್ಲಗ್ ತೊಳೆದು ಬಳಸಬಹುದು, ತೆಗೆದು ಹಾಕುವುದು ಸುಲಭ. ಆದರೆ ಕಿವಿಯ ಅಳತೆಗೆ ಹೊಂದದಿದ್ದರೆ ಬರೀ ಅಲಂಕಾರ. ಹಿಯರಿಂಗ್ ಏಡ್‌ಗೆ ಅಚ್ಚು ತೆಗೆಯುವವರಲ್ಲಿ ಸಿಲಿಕೋನ್ ಅಚ್ಚಿನ ಪ್ಲಗ್ ಮಾಡಿಸಿಕೊಳ್ಳಬಹುದು. ಶೂಟಿಂಗ್‌ಗೆ ಎಂದು ಬಿಡಿಸಿ ಹೇಳಿ, ಒಳಗೆ ರಂಧ್ರ ಬೇಡ ಎಂದೂ ಹೇಳಿ. ಈಜುವವರಿಗೆ ಮಾಡುವುದು ಬೇರೆ.

ಮಫ್‌ನ ಕಷ್ಟ ಬೇರೆ ಬಗೆಯದು. ಅಂಗಡಿಯಲ್ಲಿ ನೆಟ್ಟಗೆ ನಿಂತು ಹಾಕಿಕೊಂಡರೆ ಎಲ್ಲ ಮಫ್ಫೂ ಚೆನ್ನ. ಕೋವಿ ಎತ್ತಿ ಕೆನ್ನೆ ಒತ್ತಿದಾಗ ದಪ್ಪ ಬಟ್ಟಲಿನ ಕೆಳ ಅಂಚು ಕೋವಿಯ ಮರಕ್ಕೆ ತಾಗಿ ಮೇಲೇಳುತ್ತದೆ. ಅಂದರೆ ಮಫ್ ಬಾಯಿ ಬಿಡುವುದು ಗುಂಡು ಹಾರುವ ಆ ಒಂದು ಕ್ಷಣದಲ್ಲೇ! ಅದಕ್ಕೇ ಎನ್‌ಆರ್‌ಆರ್ 30ರ ದಪ್ಪ ಬಟ್ಟಲಿಗಿಂತ 22, 23ರ ತೆಳು ಬಟ್ಟಲು ಕೋವಿಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು. ಕೊಳ್ಳುವಾಗ ಉದ್ದನೆಯ ಕೋಲನ್ನೋ ಛತ್ರಿಯನ್ನೋ ಹೆಗಲಿಗೆ ಹಿಡಿದು ಗುರಿ ನೋಡಿ, ಅಂಗಡಿಯವರು ನಕ್ಕರೂ ಚಿಂತೆಯಿಲ್ಲ. ಪಿಸ್ತೂಲಿನವರಿಗೆ ಈ ತಾಪತ್ರಯ ಇಲ್ಲ, ದಪ್ಪನೆಯದನ್ನೇ ಕೊಳ್ಳಲಿ.

ಎರಡನೆಯ ಸಂದು ಕನ್ನಡಕದ್ದು. ಅದರ ಕಾಲು ಮೆತ್ತೆಯ ಕೆಳಗೆ ಹಾದು ಹೋಗುವಲ್ಲಿ ಸಣ್ಣ ಸುರಂಗ ಉಳಿಯುತ್ತದೆ. ಕೆಲವೇ ಡೆಸಿಬಲ್ ಸೋರಿಕೆ, ಆದರೆ ಮೂರೇ ಸೋರಿದರೂ ಶಕ್ತಿ ಇಮ್ಮಡಿ ಎಂಬುದು ಮೇಲೆ ಬಂದಿದೆ. ಕಣ್ಣಿಗೆ ರಕ್ಷಣೆ ಬೇಡವೆಂದಲ್ಲ, ತೆಳು ಚಪ್ಪಟೆ ಕಾಲಿನ ಕನ್ನಡಕ ಆರಿಸಿ. ಮೆತ್ತೆಯಲ್ಲಿ ಸ್ಪಂಜಿನ ಬದಲು ಜೆಲ್ ಇದ್ದರೆ ಕಾಲಿನ ಸುತ್ತ ಚೆನ್ನಾಗಿ ಅಪ್ಪಿಕೊಳ್ಳುತ್ತದೆ. ಕೂದಲು, ಓಲೆ, ಟೋಪಿಯ ಅಂಚು ಎಲ್ಲವೂ ಹೀಗೆಯೇ.

ಹಬ್ಬದ ದಿನ ಕೊಡವ ಗಂಡಸರ ಉಡುಪಾದ ಕುಪ್ಯಚೇಲೆ ತೊಟ್ಟು, ತಲೆಗೆ ಮಂಡೆತುಣಿ ಬಟ್ಟೆ ಕಟ್ಟಿದವರಿಗೆ ಮಫ್ ಆಗದು. ತಲೆಪಟ್ಟಿ ಬಟ್ಟೆಯ ಮೇಲೆ ಜಾರುತ್ತದೆ, ಬಟ್ಟಲು ಕಿವಿಗೆ ಇಳಿಯುವುದಿಲ್ಲ. ಹೆಂಗಸರ ತಲೆವಸ್ತ್ರದ ಅಂಚು ಮೆತ್ತೆಯ ಕೆಳಗೆ ಸಿಕ್ಕಿಕೊಂಡರೂ ಅಷ್ಟೇ. ಕತ್ತಿನ ಹಿಂದೆ ಪಟ್ಟಿ ಬರುವ ಮಫ್ ಇದೆ, ಒತ್ತುವ ಬಲ ಕೊಂಚ ಕಡಿಮೆ. ಈ ವೇಷದಲ್ಲಿ ನಂಬಬಹುದಾದ್ದು ಸ್ಪಂಜಿನ ಪ್ಲಗ್. ಫೋಟೋದಲ್ಲೂ ಕಾಣುವುದಿಲ್ಲ, ಅದೂ ಒಂದು ಕಾರಣವಾಗಲಿ.

ಎಲೆಕ್ಟ್ರಾನಿಕ್ ಮಫ್ ಬೇಕೇ? ಇದರ ಹೊರಗಿನ ಮೈಕ್ ಸಣ್ಣ ಸದ್ದನ್ನು ದೊಡ್ಡದು ಮಾಡಿ ಒಳಗೆ ಕೊಡುತ್ತದೆ, ಗುಂಡಿನ ಸದ್ದು ಬಂದಾಗ ಒಳಗಿನ ಸ್ಪೀಕರ್ ಸುರಕ್ಷಿತ ಮಟ್ಟ ದಾಟದು. ಗುಂಡಿನ ಸದ್ದನ್ನು ತಡೆಯುವುದು ಬಟ್ಟಲು ಮತ್ತು ಮೆತ್ತೆಯೇ ಹೊರತು ಎಲೆಕ್ಟ್ರಾನಿಕ್ಸ್ ಅಲ್ಲ. ಸೆಲ್ ಸತ್ತರೂ ತಡೆ ಹಾಗೇ ಇರುತ್ತದೆ. ಲಾಭ ಇರುವುದು ಸುರಕ್ಷತೆಯಲ್ಲಿ: ‘ನಿಲ್ಲಿಸಿ’ ಎಂದು ಕೂಗಿದ್ದು ಕೇಳುತ್ತದೆ, ಪಕ್ಕದವರು ಮಾತಾಡಿಸಿದಾಗ ಮಫ್ ಎತ್ತುವ ಚಾಳಿ ತಪ್ಪುತ್ತದೆ. ಕಿವಿ ಕೆಡುವುದು ಹೆಚ್ಚಾಗಿ ಹಾಗೆ ಎತ್ತಿದ ಹೊತ್ತಿನಲ್ಲಿ, ಪಕ್ಕದ ಸಾಲಿನವರ ಗುಂಡಿಗೆ. ಒಳಗೆ ಸ್ಪಂಜಿನ ಪ್ಲಗ್, ಮೇಲೆ ಎಲೆಕ್ಟ್ರಾನಿಕ್ ಮಫ್, ಅದರ ದನಿ ಪೂರ್ತಿ ಏರಿಸಿ: ಮಾತೂ ಕೇಳುತ್ತದೆ, ಎರಡು ಪದರದ ತಡೆಯೂ ಸಿಗುತ್ತದೆ. ಹೋವರ್ಡ್ ಲೈಟ್‌ನ ಇಂಪ್ಯಾಕ್ಟ್ ಸ್ಪೋರ್ಟ್ ಈ ಜಾತಿಯದು, ಎನ್‌ಆರ್‌ಆರ್ 22, ಎರಡು ಟ್ರಿಪಲ್ ಎ ಸೆಲ್.

ಆದರೆ ಸ್ಪರ್ಧೆಯ ಹಾದಿ ಹಿಡಿದವರು ಹಣ ಹಾಕುವ ಮೊದಲು ನಿಯಮ ನೋಡಲಿ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ಕಿವಿ ರಕ್ಷಣೆಗೆ ಒತ್ತಾಯವಿದೆ, ಆದರೆ ಸದ್ದು ಹೆಚ್ಚಿಸುವ ಅಥವಾ ಹೊರಗಿನ ಸಂದೇಶ ಹಿಡಿಯುವ ಉಪಕರಣವಿರುವ ಮಫ್‌ಗೆ ಸ್ಪರ್ಧಿಗಳಿಗೆ ಅನುಮತಿಯಿಲ್ಲ. ಅಂಥ ಕಡೆ ಸಾದಾ ಮಫ್, ಸಾದಾ ಪ್ಲಗ್.

ನೋಡಲು ಬಂದವರ ಕಿವಿ ಯಾರ ಲೆಕ್ಕಕ್ಕೂ ಇರುವುದಿಲ್ಲ. ಸದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುವುದಿಲ್ಲ, ನಳಿಗೆಯ ಬಾಯಿಯ ಮುಂದಕ್ಕೂ ಪಕ್ಕಕ್ಕೂ ಹೆಚ್ಚು. ಹೊಡೆಯುವವರ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತವರಿಗೆ ಹೊಡೆಯುವವರಷ್ಟೇ ಏಟು ಬೀಳಬಹುದು. ಹಿಂದೆ ಸರಿದಷ್ಟೂ ಒಳ್ಳೆಯದು. ಚಿಕ್ಕ ಮಕ್ಕಳ ಕಿವಿಯ ದಾರಿ ಸಣ್ಣದು, ದೊಡ್ಡವರ ಸ್ಪಂಜು ಹಿಡಿಸದು, ಬಿದ್ದುಹೋಗುತ್ತದೆ. ಅವರಿಗೆ ಮಕ್ಕಳ ಅಳತೆಯ ಮಫ್ಫೇ ಆಗಬೇಕು. ಕೈಗೂಸನ್ನು ಮಫ್ ಹಾಕಿಯೂ ಕರೆತರಬೇಡಿ.

ಸ್ಪರ್ಧೆ ಮುಗಿದ ಸಂಜೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ, ಮಾತು ಹತ್ತಿಯೊಳಗಿಂದ ಬಂದಂತಿದ್ದರೆ, ಆ ದಿನ ಎಲ್ಲೋ ಸಂದು ಬಿದ್ದಿದೆ. ಒಂದೆರಡು ದಿನದಲ್ಲಿ ಅದು ಇಳಿಯಬಹುದು, ಇಳಿದ ಮಾತ್ರಕ್ಕೆ ಏನೂ ಆಗಿಲ್ಲವೆಂದಲ್ಲ. ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದು ಕಿವಿ ತಟ್ಟನೆ ಮಂದವಾದರೆ ಕಾದು ನೋಡಬೇಡಿ, ಮರುದಿನವೇ ಇಎನ್‌ಟಿ ವೈದ್ಯರಲ್ಲಿಗೆ. ಗುಂಡಿನ ಸದ್ದು ಮೊದಲು ತಿನ್ನುವುದು 4000 ಹರ್ಟ್ಸ್‌ನ ಸುತ್ತಲಿನ ಶ್ರವಣವನ್ನು. ಹಾಗಾಗಿ ಮಾತು ಕೇಳುತ್ತದೆ, ಸ, ಶ, ತ, ಥಗಳು ಮಾತ್ರ ಕಲಸಿಹೋಗುತ್ತವೆ. ಗದ್ದಲದ ಮದುವೆ ಮನೆಯಲ್ಲಿ ‘ಏನಂದ್ರಿ?’ ಹೆಚ್ಚಾಗುತ್ತದೆ. ವರ್ಷಕ್ಕೊಮ್ಮೆ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ಮಾಡಿಸುವುದಾದರೆ 3000 ಮತ್ತು 6000ವನ್ನೂ ಅಳೆಯಲು ಕೇಳಿ, ಹಿಂದಿನ ದಿನ ಗುಂಡು ಹಾರಿಸಬೇಡಿ. ಕೊಡಗಿನವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರವೇನಲ್ಲ.

ಇಲ್ಲಿನ ಥಂಡಿಗೆ ಬೂಷ್ಟು ಹಿಡಿಯುವುದು ಚಪ್ಪಲಿ, ಬೆಲ್ಟಿಗೆ ಮಾತ್ರವಲ್ಲ. ಮಫ್‌ನ ಮೆತ್ತೆಯನ್ನು ಸೋಪು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ, ಸ್ಪಿರಿಟ್ ಹಾಕಿದರೆ ಬಿರಿಯುತ್ತದೆ. ಮೆತ್ತೆ ಗಟ್ಟಿಯಾಗಿದ್ದರೆ, ಹೆಬ್ಬೆರಳಲ್ಲಿ ಒತ್ತಿದ ಗುಳಿ ಹಾಗೇ ನಿಂತರೆ, ಬದಲಿ ಮೆತ್ತೆ ಸಿಗುತ್ತದೆ, ಹೊಸ ಮಫ್ ಬೇಕಿಲ್ಲ. ತಲೆಪಟ್ಟಿಯನ್ನು ಅಗಲಿಸಿ ನೇತುಹಾಕಬೇಡಿ, ಬಿಗಿ ಹೋದರೆ ತಡೆಯೂ ಹೋದಂತೆ. ಸ್ಪಂಜಿನ ಪ್ಲಗ್ ತೊಳೆಯುವ ವಸ್ತುವಲ್ಲ, ಕೊಳೆಯಾದರೆ ಬಿಸಾಡಿ. ಹಬ್ಬ ಮುಗಿದ ಮೇಲೆ ಎಲೆಕ್ಟ್ರಾನಿಕ್ ಮಫ್‌ನ ಸೆಲ್ ತೆಗೆದಿಡಿ, ಪೆಟ್ಟಿಗೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಇಲ್ಲದಿದ್ದರೆ ಸುಗ್ಗಿಯ ಹಬ್ಬ ಪುತ್ತರಿ ಹೊತ್ತಿಗೆ ಸ್ಪ್ರಿಂಗ್‌ಗಳಿಗೆ ಹಸಿರು ತುಕ್ಕು ಬಂದಿರುತ್ತದೆ. ಪುತ್ತರಿಗೆ ಹೊಸ ಮಫ್ಫಿನ ಅಗತ್ಯವೂ ಇಲ್ಲ. ಕತ್ತಲಲ್ಲಿ ಗದ್ದೆಗೆ ಇಳಿದು ಕದಿರು ಕೊಯ್ಯುವ ಮೊದಲು ಹಾರಿಸುವ ಆ ಗುಂಡಿಗೆ ಜೇಬಿನಲ್ಲಿ ಸ್ಪಂಜಿನ ಪ್ಲಗ್ ಸಾಕು, ಮನೆಯಿಂದ ಹೊರಡುವಾಗಲೇ ದೀಪದ ಬೆಳಕಿನಲ್ಲಿ ಹಾಕಿಕೊಂಡು ಹೊರಡಿ.