ದೊಡ್ಡಪ್ಪನ ಕೋವಿ ಈಗ ಯಾರದು?

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಕೋಣೆ ಖಾಲಿ ಮಾಡುವಾಗ ಬೀರುವಿನ ಹಿಂದೆ ಹಳೇ ಕಂಬಳಿ ಸುತ್ತಿದ್ದ ಕೋವಿ ಸಿಕ್ಕಿತು. ಜೋಡಿ ನಳಿಗೆಯದ್ದು, ಅವರಪ್ಪನ ಕಾಲದ್ದು. ಮನೆಯಲ್ಲಿ ಕೋವಿ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದು ಎಲ್ಲಿದೆ, ಅದಕ್ಕೆ ಕಾಗದ ಪತ್ರ ಇದೆಯಾ ಅನ್ನೋದು ಮಾತ್ರ ದೊಡ್ಡಪ್ಪನಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

"ಅಪ್ಪನ ನೆನಪು ಕಣೋ, ಸುಮ್ನೆ ಇರ್ಲಿ ಬಿಡು. ಠಾಣೆಯಲ್ಲಿ ಬರೆಸಿದರೆ ನಾಳೆ ಕಿತ್ಕೊಂಡು ಹೋಗ್ತಾರೆ" ಅಂದ ಅಣ್ಣ, ದೊಡ್ಡಪ್ಪನ ಮಗ. ದೊಡ್ಡಮ್ಮ ಒಪ್ಪಲಿಲ್ಲ. ಮೊಮ್ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದದ್ದು ಅದೇ ಕೋಣೆಯಲ್ಲಿ. ಕೊನೆಗೆ ಠಾಣೆಗೆ ಫೋನ್ ಮಾಡಿದೆವು. ಪೊಲೀಸರು ಕೋವಿ ರಿಪೇರಿ ಮಾಡುವವರೊಬ್ಬರನ್ನು ಜೊತೆಗೆ ಕರೆತಂದರು. ರಿಪೇರಿಯವರು ಕೋವಿಯ ಬಾಯನ್ನು ಗೋಡೆ ಕಡೆ ತಿರುಗಿಸಿ, ಮೇಲಿನ ಸಣ್ಣ ಹಿಡಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಪಕ್ಕಕ್ಕೆ ತಳ್ಳಿ, ನಳಿಗೆಯನ್ನು ಕೆಳಗೆ ಬಾಗಿಸಿದರು. ಎಡಗಡೆ ನಳಿಗೆಯಲ್ಲಿ ತೋಟಾ ಇತ್ತು! ಹಿತ್ತಾಳೆ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ಅಣ್ಣ ಅಲ್ಲೇ ಕುಸಿದು ಕೂತ.

ಆಮೇಲೆ ಅವರು ಎಣ್ಣೆ ಬಟ್ಟೆಯಲ್ಲಿ ತುಕ್ಕು ಉಜ್ಜಿ ನಂಬರ್ ಹುಡುಕಿ ಬರೆದುಕೊಂಡರು. ಎಲ್ಲಾ ಹಳೇ ಕೋವಿಗೂ ನಂಬರ್ ಇರಲ್ಲ. ಅಮೆರಿಕದಲ್ಲಿ ತಯಾರಕರು ಪ್ರತಿ ಕೋವಿಗೂ ನಂಬರ್ ಹಾಕಲೇಬೇಕು ಅಂತ ಕಾನೂನು ಬಂದದ್ದೇ 1968ರಲ್ಲಿ. ನಂಬರೇ ಇಲ್ಲದ ಕೋವಿ ಕಳವಾದರೆ ಏನಂತ ದೂರು ಕೊಡೋದು ಹೇಳಿ?

ಅಣ್ಣನ ಭಯ ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಬಂದೂಕುಧಾರಿಯೊಬ್ಬ ನಡೆಸಿದ ಹತ್ಯಾಕಾಂಡದ ನಂತರ ಸರ್ಕಾರ ಕೆಲವು ಬಗೆಯ ಬಂದೂಕು ನಿಷೇಧಿಸಿ, ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ತಗೊಂಡಿತು. ಹಾಗಂತ ಬಚ್ಚಿಡೋದು ಉತ್ತರವಾ? ಅದೇ ದೇಶದಲ್ಲಿ 2021ರ ಜುಲೈನಿಂದ, ನೋಂದಣಿಯಾಗದ ಬಂದೂಕು ತಾವಾಗೇ ತಂದುಕೊಟ್ಟರೆ ಕೇಸಿಲ್ಲ ಅನ್ನೋ ಕಾಯಂ ವ್ಯವಸ್ಥೆ ಇದೆ. ಎಲ್ಲಾ ಕಡೆ ಹೀಗೇ ಆಗಬೇಕು. ತೀರಿಕೊಂಡವರ ಬಂದೂಕನ್ನು ಮಕ್ಕಳು ಹೇಳಿಕೊಳ್ಳಲು ಸಮಯ ಕೊಡಿ, ಫೀಸು ಕಡಿಮೆ ಇಡಿ, ಅಪರಾಧಿಗಳ ತರಹ ನೋಡಬೇಡಿ. ಆದರೆ ನೋಂದಣಿ ಮಾತ್ರ ಕಡ್ಡಾಯ ಇರಲಿ, ನೆನಪಿನ ವಸ್ತು ಅಂತ ವಿನಾಯಿತಿ ಬೇಡ. ನೆನಪಿನ ವಸ್ತುವಾದರೂ ಗುಂಡು ಹಾರುತ್ತೆ ಅಲ್ವಾ. ಮನೆ, ಗಾಡಿ ಎಲ್ಲವನ್ನೂ ಹೆಸರಿಗೆ ಮಾಡಿಸಿಕೊಳ್ಳುವ ನಾವು, ಜೀವ ತೆಗೆಯುವ ಈ ಒಂದು ವಸ್ತುವನ್ನು ಯಾರ ಹೆಸರೂ ಇಲ್ಲದೆ ಮುಂದಿನವರಿಗೆ ದಾಟಿಸೋದು ನನಗಂತೂ ಒಪ್ಪಿಗೆಯಿಲ್ಲ.

ಕೋವಿ ಈಗ ಠಾಣೆಯಲ್ಲಿದೆ. ಅಣ್ಣನೇ ತನ್ನ ಹೆಸರಿಗೆ ಅರ್ಜಿ ಹಾಕಿದ್ದಾನೆ. ಸಿಗದಿದ್ದರೆ ಗುಂಡು ಹಾರದ ಹಾಗೆ ಮಾಡಿಸಿಯಾದರೂ ಇಟ್ಟುಕೊಳ್ಳಬಹುದಾ ಅಂತ ವಿಚಾರಿಸುತ್ತಿದ್ದಾನೆ.