ಎರಡು ನಿಮಿಷದ ಹಸಿರು ಕಾರ್ಡು

ಕೊಡಗಿನಲ್ಲಿ ಒಬ್ಬ ಹುಡುಗ ಕೈಮೀರಿ ಹೋಗ್ತಿದ್ದಾನೆ ಅಂದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಕೈಗೊಂದು ಹಾಕಿ ಸ್ಟಿಕ್ ಕೊಡಿ, ಸರಿಹೋಗ್ತಾನೆ.’ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಸ್.ವಿ. ಸುನಿಲ್‌ರಂಥ ಹಾಕಿ ಆಟಗಾರರು ಬೆಳೆದ ಜಿಲ್ಲೆ; ಹಾಗನ್ನಿಸುವುದು ಸಹಜ. ಆದರೆ ಸ್ಟಿಕ್ಕು ಸಿಟ್ಟಿನವನ ಕೈಯಲ್ಲಿ ದೊಣ್ಣೆಯೂ ಆಗುತ್ತದೆ. ವಾರಕ್ಕೆ ಮೂರು ದಿನ, ಅದೇ ಹೊತ್ತಿಗೆ, ಅದೇ ಕೋಚ್ ಮೈದಾನದಲ್ಲಿ ಕಾದಿರುತ್ತಾರೆ ಅನ್ನುವ ಭರವಸೆ ಹುಟ್ಟುವ ತನಕ ಅದು ಬರೀ ಆಟ.

ಮೊದಲ ತಪ್ಪು ತಂಡ ಕಟ್ಟುವಾಗಲೇ ಆಗುತ್ತದೆ. ಶಾಲೆ ಬಿಟ್ಟವರು, ಗಾಂಜಾ ಚಟದವರು, ಹೊಡೆದಾಟದವರು ಅಂತ ಹುಡುಕಿ ಒಂದೇ ಕಡೆ ಸೇರಿಸಿದರೆ ಅವರು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಯಾರು ಎಷ್ಟು ಸಲ ಸಿಕ್ಕಿಬಿದ್ದ ಅನ್ನುವುದೇ ಅಲ್ಲಿ ಗತ್ತು. 24 ಮಕ್ಕಳಲ್ಲಿ ಇಂಥವರು ಐದಾರು ಜನ ಇರಲಿ, ಉಳಿದವರು ಆಟಕ್ಕೆಂದೇ ಬಂದವರಿರಲಿ. ಯಾರು ಯಾವ ಗುಂಪಿನವರು ಅನ್ನುವುದು ಕೋಚ್‌ಗೆ ಗೊತ್ತಿದ್ದರೆ ಸಾಕು. ಒಕ್ಕದ, ಅಂದರೆ ಮನೆತನದ, ಹೆಸರಲ್ಲಿ ಆಡುವ ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾಯಿತು. ಅದರಲ್ಲಿ ಆಡುವ ಹುಡುಗನಿಗೆ ಹುಟ್ಟುತ್ತಲೇ ಒಂದು ತಂಡವಿದೆ. ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯ ಹುಡುಗನಿಗೆ ಅದಿಲ್ಲ. ಅವನಿಗೂ ನಂಬರ್ ಇರುವ ಜೆರ್ಸಿಯೊಂದು ಮೊದಲ ವಾರವೇ ಸಿಗಬೇಕು.

ಇನ್ನು ಹೊತ್ತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1986ರಲ್ಲಿ ಮಧ್ಯರಾತ್ರಿ ಬಾಸ್ಕೆಟ್‌ಬಾಲ್ ಶುರುಮಾಡಿದ್ದು, ಹುಡುಗರು ತೊಂದರೆಗೆ ಸಿಕ್ಕಿಕೊಳ್ಳುವ ಹೊತ್ತು ಅದೇ ಅಂತ. ನಮ್ಮಲ್ಲಿ ಆ ಹೊತ್ತು ಶಾಲೆ ಬಿಟ್ಟ ಮೇಲಿನದು. ಆದರೆ ಸಿದ್ದಾಪುರ, ಮಾಲ್ದಾರೆ ಕಡೆ ಕತ್ತಲಾದರೆ ತೋಟದ ದಾರಿಯಲ್ಲಿ ಆನೆ. ಹಾಗಾಗಿ ನಾಲ್ಕೂವರೆಗೆ ಶುರುಮಾಡಿ ಐದೂವರೆಗೆ ಮುಗಿಸಿ, ಒಂದೇ ದಾರಿಯವರನ್ನು ಒಟ್ಟಿಗೆ ಕಳಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಮೈದಾನ ಕೆಸರು. ಆಗ ‘ಮಳೆ ನಿಂತ ಮೇಲೆ ನೋಡೋಣ’ ಅಂದರೆ ಹುಡುಗರು ಕೈತಪ್ಪಿದರು ಅಂತಲೇ ಲೆಕ್ಕ. ಶಾಲೆಯ ಹಾಲ್, ಕಾಫಿ ಗೋದಾಮು, ಏನಾದರೂ ಗೊತ್ತುಮಾಡಿಟ್ಟು ಅದೇ ದಿನ, ಅದೇ ಗಂಟೆಗೆ ಸೇರಿಸಿ.

ಸಿಗುವ ಒಂದು ಗಂಟೆಯಲ್ಲಿ ಮೈದಾನ ಸುತ್ತಿಸಬೇಡಿ, ಸಾಲಲ್ಲಿ ನಿಲ್ಲಿಸಬೇಡಿ. ಜಗಳ ಹತ್ತುವುದೇ ಸಾಲಿನಲ್ಲಿ. ಬಂದ ಕೂಡಲೇ ಐದೈದು ಜನರ ಸಣ್ಣ ಪಂದ್ಯ, ಗೋಲ್‌ಕೀಪರ್ ಇಲ್ಲದೆ, ಎರಡು ಕೋನ್ ಇಟ್ಟು. ಕೀಪರ್ ಕಿಟ್‌ನ ದುಬಾರಿ ಖರ್ಚೂ ಉಳಿಯಿತು. ಆ ದುಡ್ಡಲ್ಲಿ ಶಿನ್ ಗಾರ್ಡ್, ಮೌತ್ ಗಾರ್ಡ್ ಕೊಳ್ಳಿ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಹಲ್ಲಿಗೆ ಬಿದ್ದರೆ ಮಾರನೇ ದಿನ ಮನೆಯವರು ಕಳಿಸುವುದಿಲ್ಲ. ಆಟ ಮುಗಿದ ಮೇಲೆ ಮೊಟ್ಟೆ, ಬಾಳೆಹಣ್ಣು ಇರಲಿ. ಕೆಲವರು ಮೊದಲ ತಿಂಗಳು ಬರುವುದೇ ಅದಕ್ಕೆ. ಬರಲಿ ಬಿಡಿ.

ಹಾಕಿಯಲ್ಲೇ ಒಂದು ಒಳ್ಳೆಯ ಉಪಾಯವಿದೆ. ಹಸಿರು ಕಾರ್ಡ್ ಸಿಕ್ಕರೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ. ಅಷ್ಟು ಹೊತ್ತು ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಅಭ್ಯಾಸದಲ್ಲೂ ಇದನ್ನೇ ಇಟ್ಟುಕೊಳ್ಳಿ. ಹುಡುಗ ಸ್ಟಿಕ್ ಬಿಸಾಡುತ್ತಾನೆ, ಕೋಚ್ ಕಾರ್ಡ್ ತೋರಿಸುತ್ತಾರೆ, ಅವನು ಬೈಯುತ್ತಲೇ ಹೋಗಿ ಬೆಂಚಲ್ಲಿ ಕೂರುತ್ತಾನೆ. ಆ ಎರಡು ನಿಮಿಷ ಅವನಿಗೆ ಯಾರೂ ಬುದ್ಧಿ ಹೇಳಕೂಡದು. ಕೋಚ್ ಗಡಿಯಾರ ನೋಡುತ್ತಾರೆ, ಹೊತ್ತಾದ ಕೂಡಲೇ ‘ಬಾ, ಲೆಫ್ಟಿಗೆ ಹೋಗು’ ಅನ್ನುತ್ತಾರೆ. ಅಷ್ಟೇ. ತಪ್ಪಿಗೆ ಶಿಕ್ಷೆಯಿದೆ, ಶಿಕ್ಷೆಗೆ ಕೊನೆಯಿದೆ, ಆಮೇಲೆ ಜಾಗ ಹಾಗೇ ಇದೆ. ಮನೆಯಲ್ಲೂ ಶಾಲೆಯಲ್ಲೂ ಇಂಥ ಹುಡುಗನಿಗೆ ಸಿಗದಿರುವುದು ಈ ಮೂರನೆಯದು.

ಮೂರನೇ ನಾಲ್ಕನೇ ವಾರಕ್ಕೆ ಒಬ್ಬೊಬ್ಬರೇ ತಪ್ಪಿಸತೊಡಗುತ್ತಾರೆ. ಅವತ್ತೇ ಸಂಜೆ ಮನೆಗೆ ಹೋಗಿ, ಇಲ್ಲವೇ ಫೋನ್ ಮಾಡಿ. ‘ಯಾಕೋ ಬರಲಿಲ್ಲ?’ ಅಂದರೆ ಸುಳ್ಳು ಬರುತ್ತದೆ. ‘ನಾಳಿದ್ದು ನಿನ್ನ ಟೀಮಿಗೆ ಒಬ್ಬ ಕಮ್ಮಿ’ ಅಂದರೆ ಹೆಚ್ಚಾಗಿ ಹುಡುಗನೇ ಬರುತ್ತಾನೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಅವನು ಅಪ್ಪ ಅಮ್ಮನ ಜೊತೆ ತೋಟದಲ್ಲಿರಬಹುದು. ಆಗ ಭಾನುವಾರಕ್ಕೆ ಬದಲಿಸಿ, ಹೆಸರು ಹೊಡೆಯಬೇಡಿ. ಮಾರ್ಕ್ಸ್ ಕಮ್ಮಿ ಅಂತ ಆಟ ಬಿಡಿಸುವುದು ಇನ್ನೊಂದು ಎಡವಟ್ಟು. ಅವನನ್ನು ಶಾಲೆಗೆ ಕಟ್ಟಿಹಾಕಿದ್ದ ಒಂದೇ ಹಗ್ಗ ಅದಾಗಿರುತ್ತದೆ.

ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ಲಿನ ಆಸೆ ತೋರಿಸುವಾಗ ಹುಷಾರು. ಆಯ್ಕೆಯಾಗುವವರು ಕೆಲವರೇ, ಉಳಿದವರಿಗೆ ಅದು ಮತ್ತೊಂದು ಫೇಲು. ಅಂಪೈರಿಂಗ್, ಸ್ಕೋರ್ ಬರೆಯುವುದು, ಸುಣ್ಣದಲ್ಲಿ ಗೆರೆ ಎಳೆಯುವುದು, ಸಣ್ಣ ಮಕ್ಕಳಿಗೆ ಕಲಿಸುವುದು, ಇವಕ್ಕೂ ಜೆರ್ಸಿಯಷ್ಟೇ ಗೌರವ ಇರಬೇಕು. ನಿಯಮ ಮುರಿಯುತ್ತಿದ್ದವನ ಕೈಗೆ ಸೀಟಿ ಕೊಟ್ಟು ನೋಡಿ, ಅವನಷ್ಟು ಕಟ್ಟುನಿಟ್ಟಿನ ಅಂಪೈರ್ ಸಿಗಲಾರ.

ಕೋಚ್‌ಗೂ ಗಡಿಯಿದೆ. ಮೈಮೇಲೆ ಬಾಸುಂಡೆ ಕಂಡರೆ, ಹುಡುಗ ಸಾಯುವ ಮಾತಾಡಿದರೆ ಅದು ಮೈದಾನದಲ್ಲಿ ಬಗೆಹರಿಯುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡನ್ನೂ ಕಿಟ್ ಬ್ಯಾಗಿನ ಮೇಲೆ ಬರೆದಿಡಿ. ಮೈದಾನದಲ್ಲಿ ಸದಾ ಇಬ್ಬರು ದೊಡ್ಡವರಿರಬೇಕು. ರಾತ್ರಿ ಮಕ್ಕಳಿಗೆ ಖಾಸಗಿ ಮೆಸೇಜ್ ಬೇಡ.

ಟೂರ್ನಮೆಂಟಿಗೆ ಕರೆದೊಯ್ದರೆ ಒಂದು ಮಾತು. ಫೈನಲ್ ದಿನ ಸಂಜೆಯಾಗುತ್ತಿದ್ದಂತೆ ಮೈದಾನದ ಅಂಚಿನಲ್ಲಿ ಬಾಟಲಿಗಳು ತೆರೆದುಕೊಳ್ಳುತ್ತವೆ, ಗೆದ್ದವರಿಗೆ ಒಂದು ಪೆಗ್ ಸುರಿಯುವ ಧಾರಾಳಿಗಳೂ ಇರುತ್ತಾರೆ. ಕಪ್ ಎತ್ತಿ ಫೋಟೋ ತೆಗೆಸಿಕೊಂಡ ತಕ್ಷಣ ಹುಡುಗರನ್ನು ಹತ್ತಿಸಿಕೊಂಡು ಜೀಪು ಹೊರಡಬೇಕು. ಭಾಷಣ ಕೇಳಲು ಕೋಚ್‌ಗಳಲ್ಲೊಬ್ಬರು ಉಳಿದರಾಯಿತು.